ಕಾರ್ಕಳಕ್ಕೆ ಬಂದ ಆಫ್ರಿಕಾದ ಗೇರುಬೀಜ



ಪಣಂಬೂರು ಬಂದರಿನಲ್ಲಿ ಹಸಿ ಗೇರುಬೀಜದ ಚೀಲ ಹೇರಿಕೊಂಡ ಲಾರಿ ಮೂಲ್ಕಿ ದಾಟಿ, ಪಡುಬಿದ್ರಿಯಲ್ಲಿ ಬಲಕ್ಕೆ ತಿರುಗಿ, ಬೆಳ್ಮಣ್ ಮೇಲಾಗಿ ಕಾರ್ಕಳ ಸೇರುತ್ತದೆ. ಆ ಬೀಜ ತಾಂಜಾನಿಯದ್ದಿರಬಹುದು, ಗಿನಿ-ಬಿಸ್ಸಾವ್‌ನದ್ದಿರಬಹುದು; 2024ರವರೆಗೆ ಬೆನಿನ್‌ನದ್ದೂ ಇರುತ್ತಿತ್ತು. ಮೂರೂ ವಿಶ್ವಸಂಸ್ಥೆಯ ಅತಿ ಹಿಂದುಳಿದ ದೇಶಗಳ ಪಟ್ಟಿಯಲ್ಲಿವೆ. 1971ರಲ್ಲಿ ಶುರುವಾದ ಆ ಪಟ್ಟಿಯಲ್ಲಿ ಈಗ 44 ದೇಶಗಳಿವೆ. ಜಗತ್ತು ಈ ದೇಶಗಳಿಗೆ ನೆರವು ಕೊಡುತ್ತಲೇ ಬಂದಿದೆ. ಆದರೂ ಬಡತನ ಯಾಕೆ ಬಿಟ್ಟುಹೋಗಲಿಲ್ಲ ಎಂಬುದಕ್ಕೆ ಉತ್ತರದ ಒಂದು ಪಾಲು ನಮ್ಮ ಬೀಜದ ಕಾರ್ಖಾನೆಗಳ ಅಂಗಳದಲ್ಲಿಯೇ ಇದೆ.

ಗೇರುಮರ ನಮ್ಮದೂ ಅಲ್ಲ, ಆಫ್ರಿಕಾದ್ದೂ ಅಲ್ಲ. ಹದಿನಾರನೇ ಶತಮಾನದಲ್ಲಿ ಪೋರ್ಚುಗೀಸರು ಬ್ರೆಜಿಲ್‌ನಿಂದ ತಂದು ನಮ್ಮ ಕರಾವಳಿಯಲ್ಲೂ ಮೊಜಾಂಬಿಕ್‌ನಲ್ಲೂ ನೆಟ್ಟರು. 1920ರ ದಶಕದಲ್ಲಿ ಮಂಗಳೂರು, ಕೊಲ್ಲಂಗಳಲ್ಲಿ ಬೀಜ ಒಡೆಯುವ ಉದ್ಯಮ ಬೆಳೆದು, ತಿರುಳು ಅಮೆರಿಕಕ್ಕೆ ಹೋಗತೊಡಗಿತು. ಇಲ್ಲಿನ ಬೆಳೆ ಸಾಲದಾದಾಗ ಪೂರ್ವ ಆಫ್ರಿಕಾದಿಂದ ಹಸಿಬೀಜ ತರಿಸಲಾಯಿತು. ಬೆಳೆಯುವುದು ಅವರು, ಒಡೆಯುವುದು ನಾವು, ತಿನ್ನುವುದು ಇನ್ನೊಬ್ಬರು: ಆಗ ಬಿದ್ದ ಈ ಪಾಲುಪಟ್ಟಿಯ ಮೊದಲೆರಡು ಪಾಲು ನೂರು ವರ್ಷ ಕಳೆದರೂ ಹೆಚ್ಚು ಬದಲಾಗಿಲ್ಲ.

ಒಡೆಯುವ ಕೆಲಸದಲ್ಲಿ ಏನಿದೆ ಎಂದು ಕೇಳಬೇಡಿ. ಒಂದು ಕೆ.ಜಿ. ತಿರುಳಿಗೆ ಸುಮಾರು ನಾಲ್ಕು ಕೆ.ಜಿ. ಹಸಿಬೀಜ ಬೇಕು. ಒಣಗಿಸಿದ ಬೀಜವನ್ನು ಹಬೆಯಲ್ಲಿ ಬೇಯಿಸಿ, ಆರಿಸಿ, ಒಂದೊಂದನ್ನೇ ಎರಡು ಅಲಗುಗಳ ನಡುವೆ ಇಟ್ಟು ಸೀಳಬೇಕು. ಚಿಪ್ಪಿನ ಎಣ್ಣೆ ತಾಗಿದರೆ ಚರ್ಮ ಸುಡುತ್ತದೆ, ಬೆರಳು ಕಪ್ಪಾಗುತ್ತದೆ. ಅದಕ್ಕೇ ಹೆಂಗಸರು ಕೈಗೆ ಎಣ್ಣೆಯೋ ಬೂದಿಯೋ ಹಚ್ಚಿಕೊಂಡು ಕೂರುತ್ತಿದ್ದರು. ಆಮೇಲೆ ಬೋರ್ಮಾ ಎಂಬ ಒಣಗಿಸುವ ಕೋಣೆಯ ಬಿಸಿಗೆ ಹೊಟ್ಟು ಸಡಿಲವಾಗಬೇಕು, ಅದನ್ನು ಸುಲಿಯಬೇಕು, ಬಣ್ಣ ಮತ್ತು ಗಾತ್ರ ನೋಡಿ ಬೇರ್ಪಡಿಸಬೇಕು. ‘ಡಬ್ಲ್ಯೂ 320’ ಎಂದರೆ ಒಂದು ಪೌಂಡಿಗೆ ಹೆಚ್ಚೆಂದರೆ 320 ಇಡೀ ತಿರುಳು. ಸುಲಿಯುವಾಗ ಒಡೆದರೆ ಅದು ತುಂಡು, ಬೆಲೆ ಇಳಿಯಿತು. ಯಂತ್ರಗಳು ಬಂದಿದ್ದರೂ ಈ ಉದ್ಯಮದ ಲಾಭ ನಿಂತಿರುವುದು ಹೆಚ್ಚಾಗಿ ಹೆಣ್ಣುಮಕ್ಕಳ ಆ ಬೆರಳುಗಳ ಮೇಲೆ. ಬೀಡಿ ಕೆಲಸ ಕಡಿಮೆಯಾದ ಮೇಲೆ ಕಾರ್ಕಳ, ಕಾಪು ಕಡೆಯ ಎಷ್ಟೋ ಮನೆಗಳಿಗೆ ಬೀಜದ ಕಾರ್ಖಾನೆಯ ಸಂಬಳವೇ ಆಧಾರ. ಹಾಗಾಗಿ ಕೆಲಸ ಎಲ್ಲಿ ನಡೆಯುತ್ತದೋ ಅಲ್ಲಿ ಊಟ ಇರುತ್ತದೆ.

ಇದು ಮೊಜಾಂಬಿಕ್‌ಗೂ ಗೊತ್ತಿತ್ತು. 1970ರ ದಶಕದ ಆರಂಭದಲ್ಲಿ ಗೇರು ಬೆಳೆಯುವುದರಲ್ಲಿ ಅದು ಜಗತ್ತಿಗೇ ಮುಂದು. 1975ರಲ್ಲಿ ಸ್ವತಂತ್ರವಾದ ಮೇಲೆ ಹಸಿಬೀಜ ಹೊರಗೆ ಹೋಗದಂತೆ ತಡೆದು, ತಾನೇ ಒಡೆಯಲು ಹೊರಟಿತು. ಅಷ್ಟರಲ್ಲಿ ಅಂತರ್ಯುದ್ಧ, ಅದು ಮುಗಿದದ್ದು 1992ರಲ್ಲಿ. ಬರಿಗೈಯಾದ ದೇಶಕ್ಕೆ ವಿಶ್ವಬ್ಯಾಂಕಿನ ನೆರವು ಬಂತು, ಜೊತೆಗೆ ಷರತ್ತೂ ಬಂತು: ಹಸಿಬೀಜದ ರಫ್ತು ತೆರಿಗೆ ಇಳಿಸಿ, ರೈತನಿಗೆ ಒಳ್ಳೆಯ ಬೆಲೆ ಸಿಗುತ್ತದೆ. ಇಳಿಸಿದರು. ಬೀಜ ಹಡಗೇರಿ ಭಾರತಕ್ಕೆ ಬಂತು, ಮೊಜಾಂಬಿಕ್‌ನ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು, ಸಾವಿರಾರು ಕಾರ್ಮಿಕರು ಬೀದಿಗೆ ಬಿದ್ದರು. ಅರ್ಥಶಾಸ್ತ್ರಜ್ಞ ಡಾನಿ ರೋಡ್ರಿಕ್ ಮತ್ತು ಜೊತೆಗಾರರು ಲೆಕ್ಕ ಹಾಕಿ ನೋಡಿದಾಗ ಸಾಮಾನ್ಯ ಗೇರು ಬೆಳೆಗಾರ ಕುಟುಂಬಕ್ಕೆ ಸಿಕ್ಕ ಲಾಭ ವರ್ಷಕ್ಕೆ ಐದು ಡಾಲರ್ ಆಸುಪಾಸು. ಕೊನೆಗೆ ಆ ದೇಶದ ಸಂಸತ್ತೇ ಶೇಕಡಾ 18ರಿಂದ 22ರಷ್ಟು ತೆರಿಗೆಯನ್ನು ಮತ್ತೆ ಹೇರಿತು.

ಇದನ್ನು ಓದುವಾಗ ನನಗೆ ನೋವಾಗುವುದು ಇನ್ನೊಂದು ಕಾರಣಕ್ಕೆ. ನಮ್ಮ ಸರ್ಕಾರ 1970ರಲ್ಲಿ ಗೇರು ನಿಗಮ ಮಾಡಿ ಹಸಿಬೀಜದ ಆಮದನ್ನು ತನ್ನ ಕೈಯಲ್ಲಿ ಇಟ್ಟುಕೊಂಡಿತ್ತು. 1978ರಲ್ಲಿ ಕರ್ನಾಟಕ ಗೇರು ಅಭಿವೃದ್ಧಿ ನಿಗಮ ಬಂತು. 1980ರ ದಶಕದಲ್ಲಿ ಇದೇ ವಿಶ್ವಬ್ಯಾಂಕಿನ ನೆರವಿನಿಂದ ಕರ್ನಾಟಕವೂ ಸೇರಿ ಹಲವು ರಾಜ್ಯಗಳಲ್ಲಿ ಗೇರು ನೆಡಲಾಯಿತು. ನಮಗೆ ನೆಡಲು ಸಾಲ ಸಿಕ್ಕಿತು, ಕಾರ್ಖಾನೆ ಉಳಿಸಿಕೊಳ್ಳಲು ಅವಕಾಶವೂ ಸಿಕ್ಕಿತು. ಮೊಜಾಂಬಿಕ್‌ಗೆ ಎರಡನೆಯದು ಸಿಗಲಿಲ್ಲ.

ಭಾರತ ಸುಮ್ಮನೆ ಕುಳಿತಿಲ್ಲ ನಿಜ. 2008ರ ಏಪ್ರಿಲ್‌ನಲ್ಲಿ ದೆಹಲಿಯ ಭಾರತ-ಆಫ್ರಿಕಾ ಸಮಾವೇಶದಲ್ಲಿ ಪ್ರಧಾನಿ ಮನಮೋಹನ್ ಸಿಂಗ್ ಅತಿ ಹಿಂದುಳಿದ ದೇಶಗಳ ಸರಕಿಗೆ ಸುಂಕದ ರಿಯಾಯಿತಿ ಘೋಷಿಸಿದರು. ಅವರು ಹೆಸರಿಸಿದ ವಸ್ತುಗಳಲ್ಲಿ ಗೇರುಬೀಜವೂ ಇತ್ತು. ಆದರೆ ಗಿನಿ-ಬಿಸ್ಸಾವ್‌ನ ಇವತ್ತಿನ ಪರಿಸ್ಥಿತಿ ನೋಡಿ. ಅದರ ರಫ್ತು ಗಳಿಕೆಯ ಬಹುಪಾಲು ಗೇರುಬೀಜದ್ದೇ, ಅದೂ ಬಹುತೇಕ ಹಸಿಯಾಗಿಯೇ ಹೊರಡುತ್ತದೆ. ಬೆಲೆ ಬಿದ್ದ ವರ್ಷ ಇಡೀ ದೇಶಕ್ಕೆ ಸಂಕಟ.

ಬೆನಿನ್ ಬೇರೆ ದಾರಿ ಹಿಡಿಯಿತು. 2024ರ ಏಪ್ರಿಲ್‌ನಿಂದ ಹಸಿಬೀಜದ ರಫ್ತು ನಿಲ್ಲಿಸಲು ತೀರ್ಮಾನಿಸಿ, ಒಡೆಯುವ ಕೆಲಸವನ್ನು ತನ್ನ ನೆಲದಲ್ಲೇ ಬೆಳೆಸುತ್ತಿದೆ. ನಮ್ಮ ಕಾರ್ಖಾನೆಗಳಿಗೆ ಇದು ಕಷ್ಟದ ಸುದ್ದಿ. ಕಾರ್ಕಳದ ಒಬ್ಬ ತಾಯಿಯ ಸಂಬಳ ಹೋಗಿ ಬೆನಿನ್‌ನ ತಾಯಿಗೆ ಸಿಗಲಿ ಎಂದು ನಾನು ಹೇಳಲಾರೆ. ಬೆನಿನ್‌ನವರು ಹಸಿಬೀಜ ಮಾರುತ್ತಲೇ ಇರಲಿ ಎನ್ನಲೂ ಮನಸ್ಸು ಒಪ್ಪುವುದಿಲ್ಲ. ನಾವು ಮಾಡಬಹುದಾದ ಕೆಲಸ ನಮ್ಮ ಕಾಲಬುಡದಲ್ಲೇ ಇದೆ: ನಮಗೆ ಬೇಕಾದ ಬೀಜವನ್ನು ಇಲ್ಲೇ ಬೆಳೆಯುವುದು. ಕಾರ್ಕಳದ ಗುಡ್ಡಗಳಲ್ಲಿ ಹಳೆಯ ಗೇರುಮರ ಕಡಿದು ರಬ್ಬರ್ ಹಾಕಿದ ಜಾಗಗಳಿವೆ, ಖಾಲಿ ಬಿದ್ದ ಪಾದೆಯೂ ಇದೆ. ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯದಲ್ಲಿ, ಉಳ್ಳಾಲದ ಕೇಂದ್ರದಲ್ಲಿ ಒಳ್ಳೆಯ ಕಸಿ ತಳಿಗಳಿವೆ. ಈ ಮಳೆಗಾಲಕ್ಕೆ ಸರಿಯಾಗಿ ಪಂಚಾಯತಿಗಳೂ ಕಾರ್ಖಾನೆಯವರೂ ಕೂಡಿ ಕುಳಿತು ಗುಂಡಿ ತೋಡಲಿ. ಜೊತೆಗೆ, ಸುಲಿಯುವುದರಲ್ಲಿ, ಬೇರ್ಪಡಿಸುವುದರಲ್ಲಿ ಪಳಗಿದ ನಮ್ಮ ಹೆಣ್ಣುಮಕ್ಕಳಲ್ಲಿ ಕೆಲವರನ್ನು ಗೌರವದ ಸಂಬಳ ಕೊಟ್ಟು, ತರಬೇತುದಾರರನ್ನಾಗಿ ಗಿನಿ-ಬಿಸ್ಸಾವ್‌ಗೆ ಕಳಿಸುವ ಯೋಜನೆಯನ್ನು ಕೇಂದ್ರ ಸರ್ಕಾರ ಮಾಡಲಿ.