ಬಚ್ಚಲ ನೀರು, ಕಾರ್ಖಾನೆ ನೀರು: ಎರಡರ ಗುಣ ಬೇರೆ ಬೇರೆ

(ವಸಂತನರಸಾಪುರ ಭಾಗದ ಮಹಿಳಾ ಸ್ವಸಹಾಯ ಸಂಘಗಳ ಸಭೆಯಲ್ಲಿ ನೀಡಿದ ಮಾಹಿತಿ)



ಹೋದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಒಬ್ಬ ಅಕ್ಕ ನಮ್ಮನ್ನ ಒಂದು ಪ್ರಶ್ನೆ ಕೇಳಿದ್ರು. “ಹಳ್ಳದ ನೀರು ಕನ್ನಡಿ ಹಂಗೆ ತಿಳಿಯಾಗಿದೆ, ವಾಸನೆನೂ ಇಲ್ಲ. ಆದ್ರೆ ಮೇಲ್ಗಡೆ ಫ್ಯಾಕ್ಟರಿಗಳಿವೆ. ಹಸುಗೆ ಕುಡಿಸಬಹುದಾ?” ಪಕ್ಕದಲ್ಲಿ ಕೂತಿದ್ದವರು “ನಮ್ಮ ಮನೆ ಮುಂದಿನ ಚರಂಡಿಗಿಂತ ಅದೇ ಎಷ್ಟೋ ವಾಸಿ” ಅಂದ್ರು. ಎಲ್ಲರೂ ನಕ್ಕೆವು. ಆದರೆ ಆ ದಿನ ನಾವು ಸರಿಯಾದ ಉತ್ತರ ಕೊಡಲಿಲ್ಲ. ಡೈರಿಗೆ ಹಾಲು ಹಾಕಿ ಸಾಲದ ಕಂತು ಕಟ್ಟುವವರಿಗೆ ಇದು ನಗುವ ವಿಷಯ ಅಲ್ಲ. ಅದಕ್ಕೇ ಇವತ್ತು ಇದೊಂದೇ ವಿಷಯ ಮಾತಾಡೋಣ.

ಮೊದಲು ನಮ್ಮ ಮನೆಯಿಂದ ಶುರು ಮಾಡೋಣ. ಜಲಜೀವನ್ ಮಿಷನ್ ಲೆಕ್ಕದಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರು. ಐದು ಜನರ ಮನೆಗೆ 275 ಲೀಟರ್ ಆಯ್ತು. ಅದರಲ್ಲಿ ಸುಮಾರು 100ಕ್ಕೆ 80 ಭಾಗ, ಅಂದರೆ 220 ಲೀಟರ್, ಬಳಸಿದ ಮೇಲೆ ಹೊರಗೆ ಹೋಗುತ್ತದೆ. ನೋಡೋಕೆ ಎಷ್ಟೇ ಕೊಳಕಾಗಿದ್ದರೂ ಇದರಲ್ಲಿ ಸಾವಿರಕ್ಕೆ 999 ಭಾಗ ಬರೀ ನೀರೇ. ಉಳಿದ ಒಂದು ಭಾಗದಲ್ಲಿ ಅನ್ನದ ಅಗಳು, ಎಣ್ಣೆ, ಸೋಪು, ಮೈಯ ಕೊಳೆ, ಮಲಮೂತ್ರ ಎಲ್ಲಾ ಬಂತು. ಇದರಲ್ಲಿ ಹೆಚ್ಚಿನದು ಕೊಳೆಯುವ ವಸ್ತು. ಮಣ್ಣಿನ ಸೂಕ್ಷ್ಮಜೀವಿಗಳು ಇದನ್ನ ತಿಂದು ಅರಗಿಸಿಕೊಳ್ಳುತ್ತವೆ.

ಹಾಗೆ ತಿನ್ನುವಾಗ ಅವಕ್ಕೂ ಉಸಿರಾಟಕ್ಕೆ ಆಮ್ಲಜನಕ ಬೇಕು. ಎಷ್ಟು ಬೇಕು ಅನ್ನೋ ಅಳತೆಗೇ ಬಿಓಡಿ ಅಂತಾರೆ. ಕೆರೆಗೆ ಕೊಳಚೆ ಸೇರಿದಾಗ ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ಬಾಯಿ ಬಿಡೋದನ್ನ ನೀವು ನೋಡಿರಬಹುದು. ಆ ಮೀನು ವಿಷ ಕುಡಿದೇ ಸಾಯುತ್ತಿರಬೇಕು ಅಂತೇನಿಲ್ಲ. ನೀರಿನಲ್ಲಿದ್ದ ಆಮ್ಲಜನಕವನ್ನ ಸೂಕ್ಷ್ಮಜೀವಿಗಳೇ ಮುಗಿಸಿಬಿಟ್ಟರೂ ಹೀಗೆ ಉಸಿರುಕಟ್ಟಿ ಸಾಯುತ್ತದೆ. ಊರಿನ ಕೊಳಚೆ ನೀರಿನ ಬಿಓಡಿ ಸಾಮಾನ್ಯವಾಗಿ ಲೀಟರಿಗೆ 200ರಿಂದ 300 ಮಿಲಿಗ್ರಾಂ. ಕೆರೆ, ಹಳ್ಳಕ್ಕೆ ಬಿಡುವ ನೀರಿನಲ್ಲಿ ಇದು 30 ದಾಟಬಾರದು ಅಂತ ಪರಿಸರ ಸಂರಕ್ಷಣಾ ನಿಯಮಗಳ ಸಾಮಾನ್ಯ ಮಿತಿ ಹೇಳುತ್ತದೆ.

ಈಗ ಹಾಲಿನ ಲೆಕ್ಕ ಕೇಳಿ. ಹಾಲಿನ ಬಿಓಡಿ ಸುಮಾರು 1 ಲಕ್ಷ! ಒಂದು ಲೀಟರ್ ಹಾಲು ಚರಂಡಿಗೆ ಸುರಿದರೆ ಸುಮಾರು 400 ಲೀಟರ್ ಕೊಳಚೆ ಸುರಿದಷ್ಟೇ ಭಾರ ಕೆರೆಗೆ. ಹಾಲು ವಿಷವೇ? ಅಲ್ಲ. ಆದ್ರೂ ಮೀನಿನ ಪಾಲಿಗೆ ಅದು ಸಾವೇ. ನಮ್ಮ ಜಿಲ್ಲೆಯಲ್ಲಿ ತೆಂಗು ಜಾಸ್ತಿ, ಬಲಿತ ಕಾಯಿ ಒಡೆದು ಚೆಲ್ಲಿದ ನೀರು ಹುಳಿಬಂದು ನಾರೋದು ನಿಮಗೆಲ್ಲ ಗೊತ್ತು. ಅಲ್ಲೂ ನಡೆಯೋದು ಇದೇ.

ಇಲ್ಲಿಂದ ಕಾರ್ಖಾನೆ ಕಡೆ ಬರೋಣ. ವಸಂತನರಸಾಪುರದಲ್ಲಿ ಕೆಐಎಡಿಬಿ ಕೈಗಾರಿಕಾ ಪ್ರದೇಶ ಮಾಡಿತು. 2014ರ ಸೆಪ್ಟೆಂಬರ್ 24ರಂದು ಪ್ರಧಾನಿ ನರೇಂದ್ರ ಮೋದಿಯವರು ಇಲ್ಲಿ ಫುಡ್ ಪಾರ್ಕ್ ಉದ್ಘಾಟಿಸಿದರು. 2023ರ ಫೆಬ್ರವರಿ 6ರಂದು ತುಮಕೂರು ಕೈಗಾರಿಕಾ ಟೌನ್‌ಶಿಪ್‌ಗೂ ಅವರೇ ಶಂಕುಸ್ಥಾಪನೆ ಮಾಡಿದರು. ನಮ್ಮ ಮನೆಗಳ ಹೆಣ್ಣುಮಕ್ಕಳು ಈ ಕಾರ್ಖಾನೆಗಳಿಗೆ ಕೆಲಸಕ್ಕೆ ಹೋಗ್ತಿದ್ದಾರೆ. ಸಂಬಳ ಬರ್ತಿದೆ, ಸಂತೋಷ. ನಾವು ಕಾರ್ಖಾನೆ ಬೇಡ ಅನ್ನೋರಲ್ಲ. ನೀರಿನ ವಿಷಯ ಮಾತ್ರ ತಿಳಿದಿರಲಿ.

ಕಾರ್ಖಾನೆ ನೀರು ಅಂತ ಒಂದೇ ಜಾತಿ ಇಲ್ಲ. ಹಣ್ಣು, ಧಾನ್ಯ, ಹಾಲು ಸಂಸ್ಕರಿಸುವ ಕಡೆಯ ನೀರು ನಮ್ಮ ಬಚ್ಚಲ ನೀರಿನ ನೆಂಟನೇ, ಆದರೆ ಎಷ್ಟೋ ಪಟ್ಟು ಗಟ್ಟಿ. ಕೊಳೆಯುತ್ತದೆ, ನಾರುತ್ತದೆ, ಹಾಗಾಗಿ ಬೇಗ ಸಿಕ್ಕಿಬೀಳುತ್ತದೆ. ಲೋಹಕ್ಕೆ ಹೊಳಪು ಕೊಡುವ, ಅಂದರೆ ಪ್ಲೇಟಿಂಗ್ ಮಾಡುವ ಘಟಕಗಳ ನೀರು ಹಾಗಲ್ಲ. ಅದರಲ್ಲಿ ಆಮ್ಲ, ಕ್ರೋಮಿಯಂ, ನಿಕ್ಕಲ್, ಸತು ಇರಬಹುದು. ಲೋಹ ಕೊಳೆಯುವುದಿಲ್ಲ. ಅದನ್ನ ತಿಂದು ಇಲ್ಲದಂತೆ ಮಾಡುವ ಸೂಕ್ಷ್ಮಜೀವಿ ಯಾವುದೂ ಇಲ್ಲ. ಮಣ್ಣಿಗೆ ಹೋದರೆ ಮಣ್ಣಿನಲ್ಲೇ ಕೂರುತ್ತದೆ, ಇಲ್ಲಾಂದ್ರೆ ಅಂತರ್ಜಲಕ್ಕೆ ಇಳಿಯುತ್ತದೆ. ಕುಡಿಯುವ ನೀರಿನಲ್ಲಿ ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ದಾಟಬಾರದು. ಅಷ್ಟು ಸಣ್ಣ ಪ್ರಮಾಣ ಕಣ್ಣಿಗೂ ಕಾಣಲ್ಲ, ಮೂಗಿಗೂ ತಿಳಿಯಲ್ಲ. ಕುದಿಸಿದರೆ ಕ್ರಿಮಿ ಸಾಯುತ್ತವೆ, ಲೋಹ ಮತ್ತು ಉಪ್ಪು ಹೋಗಲ್ಲ. ನೀರು ಆವಿಯಾಗಿ ಇನ್ನೂ ಗಟ್ಟಿಯಾಗುತ್ತದೆ, ಅಷ್ಟೇ.

ಇದಕ್ಕೇ ಬಿಓಡಿ ಜೊತೆ ಸಿಓಡಿ ಅಂತ ಇನ್ನೊಂದು ಪರೀಕ್ಷೆ ಮಾಡ್ತಾರೆ. ಸೂಕ್ಷ್ಮಜೀವಿ ಸುಲಭವಾಗಿ ತಿನ್ನಲಾರದ್ದನ್ನೂ ಸೇರಿಸಿ ರಾಸಾಯನಿಕದಿಂದ ಅಳೆಯುವುದು ಇದು. ಮನೆಯ ನೀರಿನಲ್ಲಿ ಸಿಓಡಿ ಬಿಓಡಿಗಿಂತ ಸುಮಾರು ಎರಡು ಪಟ್ಟು ಇರುತ್ತದೆ. ನಾಲ್ಕು, ಐದು ಪಟ್ಟು ಬಂದರೆ ಈ ನೀರು ತಾನಾಗಿ ಸುಧಾರಿಸುವಂಥದ್ದಲ್ಲ ಅಂತ ತಿಳಿಯಬೇಕು. ಆದರೆ ಲೋಹ ಮಾತ್ರ ಈ ಎರಡರಲ್ಲೂ ಸಿಗುವುದಿಲ್ಲ, ಅದಕ್ಕೆ ಬೇರೆ ಪರೀಕ್ಷೆಯೇ ಬೇಕು. ವರದಿ ಕೈಗೆ ಸಿಕ್ಕಾಗ ಇದನ್ನ ನೆನಪಿಟ್ಟುಕೊಳ್ಳಿ.

ಒಂದು ಪರೀಕ್ಷೆ ಇಲ್ಲೇ ಮಾಡೋಣ. ಅರಿಶಿನಕ್ಕೆ ಸುಣ್ಣ ಸೇರಿದರೆ ಕೆಂಪಾಗೋದು ಎಲ್ಲರಿಗೂ ಗೊತ್ತು. ಈ ಲೋಟದ ಅರಿಶಿನದ ನೀರಿಗೆ ಬಟ್ಟೆ ಒಗೆದ ಸೋಪಿನ ನೀರು ಹಾಕ್ತೀವಿ. ನೋಡಿ, ಕೆಂಪಾಯ್ತು. ಅಂದರೆ ಇದು ಕ್ಷಾರ. ಈಗ ಹುಣಸೆ ರಸ ಹಿಂಡಿದ್ರೆ ಮತ್ತೆ ಹಳದಿ. ಈ ಹುಳಿ, ಕ್ಷಾರದ ಅಳತೆಯೇ ಪಿಎಚ್. 7 ಅಂದರೆ ಎರಡೂ ಅಲ್ಲದ ನಡುವಿನ ಸ್ಥಿತಿ. ಹೊರಗೆ ಬಿಡುವ ನೀರು 5.5ರಿಂದ 9ರ ಒಳಗಿರಬೇಕು. ಆದ್ರೆ ಒಂದು ಎಚ್ಚರಿಕೆ: ಅರಿಶಿನ ಕ್ಷಾರವನ್ನ ಮಾತ್ರ ತೋರಿಸುತ್ತದೆ. ಆಮ್ಲ ಹಾಕಿದರೂ ಹಳದಿಯಾಗೇ ಇರುತ್ತದೆ, ಕ್ರೋಮಿಯಂ ಇದ್ದರೂ ಹಳದಿಯೇ. ಮನೆಗೆ ಹೋಗಿ ಇದೇ ಪರೀಕ್ಷೆ ಮಾಡಿ “ನೀರು ಚೆನ್ನಾಗಿದೆ” ಅಂತ ತೀರ್ಮಾನ ಮಾಡಬೇಡಿ.

ಹಾಗಂತ ಮನೆ ನೀರು ಸಾಚಾ ಅಲ್ಲ. ಟೈಫಾಯಿಡ್, ಕಾಮಾಲೆ, ವಾಂತಿಭೇದಿ ಬರೋದು ಇದೇ ಕೊಳಚೆ ಕುಡಿಯುವ ನೀರಿಗೆ ಸೇರಿದಾಗ. ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿದ್ದನ್ನ, 2015ರಲ್ಲಿ ಕೆರೆಗೆ ಬೆಂಕಿ ಹತ್ತಿದ್ದನ್ನ ಟಿವಿಯಲ್ಲಿ ನೋಡಿದ್ದೀರಿ. ಅಲ್ಲಿ ಮನೆಗಳಿಂದ ಬಂದ ಸೋಪಿನ, ಶೌಚದ ನೀರಿನ ಪಾಲೂ ದೊಡ್ಡದು. ಆದರೆ ನಮ್ಮ ಹಳ್ಳಿಯ ಬಚ್ಚಲ ನೀರಿಗೆ ಮದ್ದು ನಮ್ಮ ಕೈಲೇ ಇದೆ. ನರೇಗಾದಲ್ಲಿ ಕಟ್ಟಿದ ಬಚ್ಚಲುಗುಂಡಿ ನೋಡಿದ್ದೀರಲ್ಲ. ಕುಡಿಯುವ ನೀರಿನ ಬಾವಿ, ಬೋರ್‌ವೆಲ್‌ನಿಂದ ದೂರದಲ್ಲಿ ಗುಂಡಿ ಮಾಡಿ, ಎಣ್ಣೆ, ಅನ್ನ ಮೊದಲೇ ಸೋಸಿ ಬಿಟ್ಟರೆ ಮಣ್ಣು ತನ್ನ ಕೆಲಸ ಮಾಡುತ್ತದೆ. ಶೌಚಾಲಯದ ನೀರು ಮಾತ್ರ ಅದಕ್ಕೆ ಸೇರಿಸಬಾರದು.

ಕಾರ್ಖಾನೆ ನೀರಿಗೆ ಗುಂಡಿ ಮದ್ದಲ್ಲ. ಅಲ್ಲಿ ಕಾನೂನು ಬೇಕು. 1974ರ ಜಲ ಕಾಯ್ದೆಯ ಪ್ರಕಾರ ಹೊಲಸು ನೀರು ಹೊರಬಿಡುವ ಘಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪಡೆಯಲೇಬೇಕು. ಮಂಡಳಿಯ ಪ್ರಾದೇಶಿಕ ಕಚೇರಿ ತುಮಕೂರಿನಲ್ಲೇ ಇದೆ. ನಾವು ಬಾಟಲಿಯಲ್ಲಿ ತುಂಬಿಕೊಂಡು ಹೋದ ನೀರು ಕೋರ್ಟಿನಲ್ಲಿ ಸಾಕ್ಷಿಯಾಗಲ್ಲ. ಮಂಡಳಿಯವರೇ ಬಂದು, ಘಟಕದವರಿಗೆ ತಿಳಿಸಿ, ಮಾದರಿ ತೆಗೆದು ಮೊಹರು ಹಾಕಬೇಕು. ಅದಕ್ಕೆ ಅವರು ಬರುವಂತೆ ಮಾಡೋದು ನಮ್ಮ ಅರ್ಜಿ. ಸಂಘದ ನಡಾವಳಿ ಪುಸ್ತಕದಲ್ಲೇ ಬರೆದಿಡಿ: ಯಾವ ತಾರೀಖು, ಎಷ್ಟು ಗಂಟೆ, ಯಾವ ಜಾಗ, ಬಣ್ಣ ಏನು, ನೊರೆ ಇತ್ತೇ, ಮಳೆ ಬಂದಿತ್ತೇ. ಮಳೆ ಬಂದ ರಾತ್ರಿಯೇ ನೀರು ಬಣ್ಣ ತಿರುಗುತ್ತೆ ಅಂತ ನಾಲ್ಕು ಸಲ ಬರೆದಿದ್ದರೆ ಆ ಪುಟಕ್ಕೆ ತೂಕ ಇರುತ್ತದೆ.

ಜಲಜೀವನ್ ಮಿಷನ್‌ನಲ್ಲಿ ಪ್ರತಿ ಹಳ್ಳಿಯ ಐದು ಮಹಿಳೆಯರಿಗೆ ಕಿಟ್‌ನಿಂದ ನೀರು ಪರೀಕ್ಷೆ ಮಾಡುವ ತರಬೇತಿ ಕೊಡಬೇಕು ಅಂತಿದೆ. ನಿಮ್ಮ ಊರಲ್ಲಿ ಯಾರು ಕಲಿತಿದ್ದಾರೆ ಅಂತ ಪಂಚಾಯ್ತಿಯಲ್ಲಿ ಕೇಳಿ. ಫ್ಲೋರೈಡ್, ನೈಟ್ರೇಟ್ ಇಂಥವು ಅದರಲ್ಲಿ ತಿಳಿಯುತ್ತವೆ. ಭಾರಲೋಹಕ್ಕೆ ಮಾತ್ರ ಪ್ರಯೋಗಾಲಯಕ್ಕೇ ಕಳಿಸಬೇಕು. ಕಳಿಸುವಾಗ “ಕ್ರೋಮಿಯಂ, ನಿಕ್ಕಲ್, ಸತು ನೋಡಿ” ಅಂತ ಬಾಯಿಬಿಟ್ಟು ಕೇಳಿ. ಕೇಳದಿದ್ದರೆ ಮಾಮೂಲಿ ಪರೀಕ್ಷೆ ಮಾಡಿ ಕಳಿಸಿಬಿಡಬಹುದು.

ಇನ್ನು ಆ ಅಕ್ಕನ ಹಸುವಿನ ವಿಷಯ. ಹಳ್ಳದ ನೀರಿನ ಅರ್ಜಿ ಇವತ್ತೇ ಬರೆಯೋಣ, ಒಕ್ಕೂಟದ ಸೀಲು ಹಾಕೋಣ. ವರದಿ ಬರೋವರೆಗೆ ಹಸುಗೆ ನಲ್ಲಿ ನೀರೇ ಕೊಡಿ ಅಕ್ಕಾ. ಕರುಗೂ ಅಷ್ಟೇ.