ಕೆನ್ನೆಯ ನೋವು ಮತ್ತು ದಾರಿ ತೋರಿಸಿದ ಚಿತ್ರ

(ಮೆಟುಚೆನ್‌ನಲ್ಲಿ ಸೇರಿದ್ದ ಕನ್ನಡ ಕುಟುಂಬಗಳ ಮುಂದೆ ಮಾಡಿದ ಭಾಷಣದ ಬರಹರೂಪ)



ನಾವು ದಂಪತಿಗಳು ವೈದ್ಯರಲ್ಲ. ಒಂದು ಕಾಯಿಲೆಯನ್ನು ಮನೆಯೊಳಗೆ ಕಂಡವರು, ಅಷ್ಟೆ. ಊರಿನಿಂದ ಅಮ್ಮ ಫೋನಿನಲ್ಲಿ ಎರಡೇ ಮಾತಾಡಿ ಇಟ್ಟುಬಿಡುತ್ತಿದ್ದರು. ನಮ್ಮ ಮೇಲೆ ಮುನಿಸಿರಬೇಕು ಎಂದುಕೊಂಡಿದ್ದೆವು. ಇಲ್ಲಿಗೆ ಬಂದ ಮೇಲೆ ಗೊತ್ತಾಯಿತು: ಮಾತಾಡಿದರೆ, ಹಲ್ಲುಜ್ಜಿದರೆ, ತಣ್ಣನೆ ಗಾಳಿ ತಾಗಿದರೆ ಬಲಗೆನ್ನೆಗೆ ಕರೆಂಟು ಹೊಡೆದಂತೆ ನೋವು. ಕೆಲವೇ ಸೆಕೆಂಡು, ಆದರೆ ಮತ್ತೆ ಮತ್ತೆ. ಊರಿನಲ್ಲಿ ಇದಕ್ಕಾಗಿ ಎರಡು ಹಲ್ಲು ಕೀಳಿಸಿಕೊಂಡಿದ್ದರು. ಹಲ್ಲು ಹೋಯಿತು, ನೋವು ಹೋಗಲಿಲ್ಲ.

ಈ ಕಾಯಿಲೆಗೆ ಟ್ರೈಜೆಮಿನಲ್ ನ್ಯೂರಾಲ್ಜಿಯಾ ಎಂದು ಹೆಸರು. ಮುಖದ ಸ್ಪರ್ಶವನ್ನು ಮೆದುಳಿಗೆ ಒಯ್ಯುವ ನರ ಪ್ರತಿ ಕಡೆಗೂ ಒಂದೊಂದಿದೆ. ಅದು ಮೆದುಳಿನ ಕಾಂಡವನ್ನು ಸೇರುವಲ್ಲಿ ಎಷ್ಟೋ ಜನರಿಗೆ ಒಂದು ರಕ್ತನಾಳ ಒತ್ತಿಕೊಂಡಿರುತ್ತದೆ. ನಾಡಿ ಮಿಡಿದಂತೆಲ್ಲ ತಾಗಿ ತಾಗಿ, ವೈರಿನ ಮೇಲಿನ ಪ್ಲಾಸ್ಟಿಕ್ ಸವೆದಂತೆ ನರದ ಹೊದಿಕೆ ಸವೆಯುತ್ತದೆ. ಆಗ ಮೆಲ್ಲನೆ ಮುಟ್ಟಿದರೂ ನೋವಾಗುತ್ತದೆ. ಅಮೆರಿಕದ ಶಸ್ತ್ರವೈದ್ಯ ವಾಲ್ಟರ್ ಡ್ಯಾಂಡಿ 1930ರ ದಶಕದಲ್ಲೇ ಇದನ್ನು ಗಮನಿಸಿದ್ದರು. 1960ರ ದಶಕದಲ್ಲಿ ಪೀಟರ್ ಜನೆಟ್ಟಾ ಸೂಕ್ಷ್ಮದರ್ಶಕದ ನೆರವಿನಿಂದ ರಕ್ತನಾಳವನ್ನು ಸರಿಸುವ ಶಸ್ತ್ರಚಿಕಿತ್ಸೆಯನ್ನು ಬೆಳೆಸಿದರು. ಕಿವಿಯ ಹಿಂದೆ ಸಣ್ಣ ಕಿಂಡಿ ಮಾಡಿ, ನರಕ್ಕೂ ನಾಳಕ್ಕೂ ನಡುವೆ ಟೆಫ್ಲಾನ್ ತುಣುಕು ಇಡುತ್ತಾರೆ.

ಮೊದಲ ಚಿಕಿತ್ಸೆ ಕಾರ್ಬಮಜೆಪಿನ್ ಮಾತ್ರೆಯೇ. ಅಮ್ಮನಿಗೂ ಗುಣ ಕಂಡಿತು. ಆದರೆ ಪ್ರಮಾಣ ಹೆಚ್ಚಿಸಿದಂತೆ ತಲೆಸುತ್ತು ಬಂತು, ರಕ್ತದಲ್ಲಿ ಸೋಡಿಯಂ ಇಳಿಯಿತು. ಈ ವಯಸ್ಸಿನಲ್ಲಿ ತಲೆಯ ಆಪರೇಷನ್ನೇ ಎಂದು ನಾವು ಹೆದರಿದೆವು. ಆಗ ಎಂಆರ್‌ಐ ಮಾಡಿಸಲು ಹೇಳಿದರು.

ಈ ಚಿತ್ರಣದ ಒಂದು ಬೇರು ನಮ್ಮ ಹತ್ತಿರವೇ ಇದೆ. ಲಾಂಗ್ ಐಲೆಂಡ್‌ನ ಸ್ಟೋನಿ ಬ್ರೂಕ್ ವಿಶ್ವವಿದ್ಯಾಲಯದಲ್ಲಿದ್ದ ಪಾಲ್ ಲಾಟರ್‌ಬರ್ 1973ರಲ್ಲಿ ಇದರ ಮೊದಲ ಚಿತ್ರಗಳನ್ನು ಪ್ರಕಟಿಸಿದರು. 2003ರಲ್ಲಿ ಪೀಟರ್ ಮ್ಯಾನ್ಸ್‌ಫೀಲ್ಡ್ ಜೊತೆ ಅವರಿಗೆ ನೊಬೆಲ್ ಬಂತು.

ಸಾಮಾನ್ಯ ಮೆದುಳಿನ ಎಂಆರ್‌ಐನಲ್ಲಿ ಪದರಗಳು ದಪ್ಪ. ತೆಳ್ಳನೆಯ ನರ ಸರಿಯಾಗಿ ಕಾಣದೆ ಹೋಗಬಹುದು. ಇದಕ್ಕೆಂದೇ ಒಂದು ಮಿಲಿಮೀಟರಿಗಿಂತ ಕಡಿಮೆ ದಪ್ಪದ ಪದರಗಳಲ್ಲಿ ಚಿತ್ರ ತೆಗೆಯುತ್ತಾರೆ. ಅದರಲ್ಲಿ ಮೆದುಳಿನ ಸುತ್ತಲಿನ ನೀರು ಬೆಳ್ಳಗೆ, ನರ ಮತ್ತು ನಾಳ ಕಪ್ಪು ಗೆರೆಗಳಾಗಿ ಕಾಣುತ್ತವೆ. ರಕ್ತ ಹರಿಯುವ ನಾಳಗಳನ್ನಷ್ಟೇ ತೋರಿಸುವ ಇನ್ನೊಂದು ಚಿತ್ರವನ್ನು ಜೊತೆಗಿಟ್ಟು ನೋಡಿದರೆ ಯಾವ ನಾಳ, ಯಾವ ಕಡೆಯಿಂದ, ಬರೀ ತಾಗಿದೆಯೋ ನರವನ್ನು ಬಾಗಿಸಿದೆಯೋ ತಿಳಿಯುತ್ತದೆ. ಗೆಡ್ಡೆ ಅಥವಾ ಮಲ್ಟಿಪಲ್ ಸ್ಕ್ಲೆರೋಸಿಸ್ ಇದ್ದರೂ ಗೊತ್ತಾಗುತ್ತದೆ.

ಒಂದು ಮಾತು ನೆನಪಿಡಿ. ನೋವೇ ಇಲ್ಲದ ಅನೇಕರಲ್ಲೂ ನಾಳ ನರಕ್ಕೆ ತಾಗಿರುತ್ತದೆ. ಆದ್ದರಿಂದ ಕಾಯಿಲೆಯನ್ನು ಹೇಳುವುದು ರೋಗಿಯ ಮಾತು. ಚಿತ್ರ ತೋರಿಸುವುದು ಮುಂದಿನ ದಾರಿಯನ್ನು. ನಾಳದ ಒತ್ತಡ ಕಾಣದಿದ್ದರೆ, ಅಥವಾ ದೇಹ ಆಪರೇಷನ್ ತಡೆಯದಿದ್ದರೆ, ಕೆನ್ನೆಯ ಮೂಲಕ ಸೂಜಿ ಹಾಕುವ ಚಿಕಿತ್ಸೆ, ಗಾಮಾ ನೈಫ್ ವಿಕಿರಣ ಮುಂತಾದವು ಇವೆ.

ಅಮ್ಮನ ಚಿತ್ರದಲ್ಲಿ ಬಲಗಡೆಯ ನರ ಬಾಗಿದ್ದು ನಮಗೂ ಕಂಡಿತು. ವೈದ್ಯರು ಅಪಾಯಗಳನ್ನೂ ಮುಚ್ಚಿಡಲಿಲ್ಲ. ಅಮ್ಮನೇ ನಿರ್ಧರಿಸಿದರು. ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ನೋವು ನಿಂತಿದೆ. ಬಲಗಿವಿ ಸ್ವಲ್ಪ ಮಂದವಾಯಿತು. ಫೋನನ್ನು ಈಗ ಎಡಗಿವಿಗೆ ಹಿಡಿಯುತ್ತಾರೆ. ಮಾತು ಮಾತ್ರ ಅರ್ಧ ಗಂಟೆಗೆ ಮುಗಿಯುವುದಿಲ್ಲ!

ಬಂಧುಗಳೇ, ಮನೆಯ ಹಿರಿಯರು ಊಟ, ಮಾತು ಕಡಿಮೆ ಮಾಡಿದರೆ ಕಾರಣ ಕೇಳಿ. ನೋವು ಯಾವಾಗ, ಎಲ್ಲಿ, ಎಷ್ಟು ಹೊತ್ತು ಎಂದು ಬರೆದಿಡಿ. ಮಿಂಚಿನಂಥ ನೋವಿದ್ದರೆ ಹಲ್ಲು ಕೀಳಿಸುವ ಮೊದಲು ನರರೋಗ ತಜ್ಞರನ್ನು ಕಾಣಿ. ಪೇಸ್‌ಮೇಕರ್ ಇದ್ದರೆ ಎಂಆರ್‌ಐಗೆ ಮೊದಲೇ ತಿಳಿಸಿ. ನಾವು ತಡವಾಗಿ ಕೇಳಿದೆವು. ನೀವು ಬೇಗ ಕೇಳಿ.