‘ಮೀಥಿಂಕ್ಸ್’ ಎಂಬ ‘ನನಗನಿಸುತ್ತದೆ’

(ಉಪನ್ಯಾಸವೊಂದರ ಬರಹರೂಪ)



ಶೇಕ್ಸ್‌ಪಿಯರನನ್ನು ಓದಿದವರು ‘ಮೀಥಿಂಕ್ಸ್’ ಎಂಬ ಪದವನ್ನು ಕಂಡೇ ಇರುತ್ತೀರಿ. ‘ಹ್ಯಾಮ್ಲೆಟ್’ನಲ್ಲಿ ನಾಟಕದೊಳಗಿನ ನಾಟಕವನ್ನು ನೋಡುತ್ತ ರಾಣಿ ಗರ್ಟ್ರೂಡ್ ಆಡುವ ಪ್ರಸಿದ್ಧ ಮಾತು ಮುಗಿಯುವುದೇ ಈ ಪದದಿಂದ. ‘ಐ ಥಿಂಕ್’ ಎಂದು ಅರ್ಥ ಮಾಡಿಕೊಂಡು ನಾವು ಮುಂದೆ ಸಾಗುತ್ತೇವೆ. ಆದರೆ ‘ಐ’ ಇರಬೇಕಾದ ಕಡೆ ‘ಮೀ’ ಏಕೆ? ‘ಥಿಂಕ್’ಗೆ ‘ಸ್’ ಎಂಬ ಬಾಲವೇಕೆ? ಇಂದು ಶಾಲೆಯ ಹುಡುಗ ಹೀಗೆ ಬರೆದರೆ ಮೇಷ್ಟ್ರು ಕೆಂಪು ಗೆರೆ ಎಳೆಯುವುದು ಖಂಡಿತ.

ಇದು ತಪ್ಪು ವ್ಯಾಕರಣವಲ್ಲ, ಹಳೆಯ ವ್ಯಾಕರಣ. ಸುಮಾರು 1100ಕ್ಕೆ ಹಿಂದಿನ ಇಂಗ್ಲಿಷಿನಲ್ಲಿ ಒಂದೇ ಬುಡದಿಂದ ಕವಲೊಡೆದ ಎರಡು ಕ್ರಿಯಾಪದಗಳಿದ್ದವು. ‘ಥೆಂಚನ್’ ಎಂದರೆ ಯೋಚಿಸು. ‘ಥ್ಯುಂಚನ್’ ಎಂದರೆ ತೋರು, ಅನಿಸು. ‘ಮೀಥಿಂಕ್ಸ್’ ಹುಟ್ಟಿದ್ದು ಈ ಎರಡನೆಯದರಿಂದ. ಇಲ್ಲಿನ ‘ಮೀ’ ಚತುರ್ಥೀ ವಿಭಕ್ತಿ, ಅಂದರೆ ‘ನನಗೆ’. ‘ಸ್’ ಪ್ರಥಮಪುರುಷ ಏಕವಚನದ ಗುರುತು. ಕೂಡಿಸಿ ಓದಿದರೆ ‘ನನಗೆ ತೋರುತ್ತದೆ’.

ಕಾಲ ಸರಿದಂತೆ ಎರಡೂ ಕ್ರಿಯಾಪದಗಳ ಉಚ್ಚಾರಣೆ ಒಂದಾಯಿತು. ವಿಭಕ್ತಿ ಪ್ರತ್ಯಯಗಳೂ ಸವೆದವು. ಅನಿಸುವ ಕೆಲಸವನ್ನೂ ‘ಐ ಥಿಂಕ್’ ವಹಿಸಿಕೊಂಡಿತು. ‘ಐ ಲೈಕ್’ ಕಥೆಯೂ ಇದೇ. ಆ ಕ್ರಿಯಾಪದಕ್ಕೆ ಮೊದಲಿದ್ದ ಅರ್ಥ ‘ಹಿಡಿಸು’. ‘ನನಗೆ ಹಿಡಿಸುತ್ತದೆ’ ಎನ್ನುತ್ತಿದ್ದವರು ‘ನಾನು ಮೆಚ್ಚುತ್ತೇನೆ’ ಎನ್ನತೊಡಗಿದರು. ಒಡಹುಟ್ಟಿದ ಜರ್ಮನ್ ಮಾತ್ರ ‘ಡೆಂಕೆನ್’, ‘ಡ್ಯೂಂಕೆನ್’ ಎಂಬ ಎರಡನ್ನೂ ಉಳಿಸಿಕೊಂಡಿದೆ, ಎರಡನೆಯದು ಈಗ ಗ್ರಾಂಥಿಕವಾದರೂ.

ಕನ್ನಡಿಗರಿಗೆ ಇದರಲ್ಲಿ ವಿಶೇಷ ಸ್ವಾರಸ್ಯವಿದೆ. ಇಂಗ್ಲಿಷಿಗೂ ಕನ್ನಡಕ್ಕೂ ರಕ್ತಸಂಬಂಧವಿಲ್ಲ. ಆದರೂ ಇಂಗ್ಲಿಷ್ ಕಳೆದುಕೊಂಡ ಈ ಕಟ್ಟು ನಮ್ಮ ನಾಲಗೆಯ ಮೇಲೆ ದಿನವೂ ಆಡುತ್ತಿದೆ. ನನಗೆ ಹಸಿವಾಗಿದೆ, ನನಗೆ ಗೊತ್ತು, ನನಗೆ ನೆನಪಾಯಿತು, ನನಗನಿಸುತ್ತದೆ. ಹಸಿವು, ನೆನಪು, ಅನಿಸಿಕೆಗಳನ್ನು ‘ನಾನು’ ಮಾಡುವುದಿಲ್ಲ, ಅವು ನನಗೆ ಆಗುತ್ತವೆ. ಯೋಚಿಸುವುದು ನನ್ನ ಕೆಲಸ, ಅನಿಸುವುದು ನನ್ನ ಬಳಿಗೆ ಬರುವಂಥದು. ಈ ಭೇದವನ್ನು ಕನ್ನಡ ಸಲೀಸಾಗಿ ಹೇಳುತ್ತದೆ.

ಆದರೆ ಅನುವಾದಗಳಲ್ಲಿ ‘ಅವನು ಬರುತ್ತಾನೆಂದು ನಾನು ಯೋಚಿಸುತ್ತೇನೆ’ ಎಂಬಂಥ ವಾಕ್ಯಗಳು ನುಸುಳುತ್ತಿವೆ. ‘ಅವನು ಬರಬಹುದು ಅನಿಸುತ್ತದೆ’ ಎಂದರೆ ಸಾಲದೇ? ಇಂಗ್ಲಿಷಿಗೆ ಆ ಮಾತು ಕೈಬಿಟ್ಟದ್ದು ತಿಳಿಯುವ ಹೊತ್ತಿಗೆ ಶತಮಾನಗಳೇ ಕಳೆದಿದ್ದವು. ನಮ್ಮದು ಇನ್ನೂ ಕೈಯಲ್ಲಿದೆ. ಅದನ್ನು ಉಳಿಸಿಕೊಳ್ಳಬೇಕೆಂದು ನನಗನಿಸುತ್ತದೆ.